ಅಗರು ಮರಕ್ಕೆ ಅತ್ತೆಯ ಬೈಗುಳ

ನಮ್ಮ ಸೋದರಮಾವನಂಥ ಕಟುಕರು ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇಲ್ಲ! ನಮ್ಮೂರು ಹಂಗಳದವರೆಲ್ಲ ಅರಿಶಿನ, ಬಾಳೆ ಹಾಕಿ ಮಕ್ಕಳಂತೆ ಸಾಕುತ್ತಿದ್ದರೆ, ಇವರು ಅಗರು ಮರ ಬೆಳೆಸಿ ಅವಕ್ಕೆ ಹಿಂಸೆ ಕೊಡುತ್ತಾರೆ.

ಕೇಳಿದರೆ ಉಪದೇಶ ಬೇರೆ: "ಸುಖವಾಗಿರೋ ಅಗರು ಬರೀ ಸೌದೆ ಕಣ್ಲಾ. ನೋವಾದ್ರೆ ತಾನೆ ಒಳಗೆ ಕಪ್ಪಗೆ ಅಂಟು ಕಟ್ಟೋದು? ಆ ಅಂಟೇ ಪರಿಮಳ!"

ಅದಕ್ಕೇ ಕಾಂಡಕ್ಕೆ ಡ್ರಿಲ್ಲಿನಲ್ಲಿ ತೂತು, ತೂತಿಗೆ ಬೂಷ್ಟಿನ ಔಷಧಿ. ಬಹಳ ದಿನ ಬಿಟ್ಟು ಉಳಿಯಿಂದ ಕೆತ್ತಿ ನೋಡಿದರೆ ಒಳಗೆಲ್ಲ ಮಜ್ಜಿಗೆಯಂಥ ಬಿಳುಪು! ಇನ್ನೂ ಕೊರೆದರೆ ಮರವೇ ಸಾಯುತ್ತದೆ. ಬಿಟ್ಟರೆ ಇಷ್ಟು ಕಾಲದ ದುಡಿಮೆ ಸೌದೆಯಾಗುತ್ತದೆ.

"ಮೈಗೆ ಕೊಟ್ಟಿದ್ದು ಸಾಕು. ಇನ್ನು ಮನಸ್ಸಿಗೆ ಕೊಡ್ಬೇಕು," ಎಂದರು ಮಾವ.

ಮರದ ಮನಸ್ಸಿಗೆ! ಊರಿನವರ ದನಿಯನ್ನೆಲ್ಲ ಅಣಕಿಸಿ ಬೈಸಿಕೊಳ್ಳುವ ನಾನಿರಬೇಕಾದರೆ ಆಳಿಗೇನು ಬರ? ಮರ ಹೆದರಲೆಂದು ಮೊದಲು ಆನೆಯಂತೆ ಘೀಳಿಟ್ಟೆ. ಮರದ ಎಲೆಯೂ ಅಲುಗಲಿಲ್ಲ. ಪಕ್ಕದ ಹೊಲದವರು ಮಾತ್ರ ಪಟಾಕಿ ಹಚ್ಚಿಕೊಂಡು ಓಡಿಬಂದರು! ಉಗಿಸಿಕೊಂಡವನು ನಾನು. ಮಾವ? ಬಾಳೆಗಿಡದ ಮರೆಯಲ್ಲಿ.

ಮರುದಿನ ಹೊಸ ಅಪ್ಪಣೆ. "ನಿಮ್ಮತ್ತೆ ತರ ಬಯ್ಯಿ ಕಣ್ಲಾ."

ಅತ್ತೆ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. "ಏನ್ ಮಾತು ಅಂತ ಆಡ್ತೀರಿ ಮಾವ?"

"ಅವಳ ಬಾಯಿಗೆ ಸಿಕ್ಕಿ ನಾನೇ ಇಷ್ಟು ಗಮ್ಮಂತಿವ್ನಿ. ಮರ ಗಮ್ಮನ್ನಕಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಸತ್ತವರ ದನಿಯನ್ನು ಮರಕ್ಕೆ ಗೊಬ್ಬರ ಮಾಡುವುದೇ? (ಉರಿದರೂ ಗಂಟಲು ಸರಿಮಾಡಿಕೊಂಡೆ. ಅಣಕಿಸುವ ಚಪಲ ಬಿಡಬೇಕಲ್ಲ!) ಸೊಂಟಕ್ಕೆ ಕೈಯಿಟ್ಟು ದಿನಾ ಬೈದೆ. ತೋಟದ ಪಕ್ಕದ ರಸ್ತೆಯಲ್ಲಿ ಹೋಗುವ ಊಟಿ ಬಸ್ಸಿನವರು ಕಿಟಕಿಯಿಂದ ಕತ್ತು ಚಾಚಿ ನಕ್ಕರು. ಬಂಡೀಪುರದ ಪ್ರಾಣಿ ನೋಡಲು ಹೊರಟವರಿಗೆ ನನ್ನದೇ ಮೊದಲ ದರ್ಶನ! ಈ ಮಾವನಿಗೆ ನಾಚಿಕೆ ಬೇಡವೇ?

ಇವತ್ತೇ ಕೊನೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿಬಿಡಬೇಕು ಅಂದುಕೊಂಡೇ ಒಂದು ಮಧ್ಯಾಹ್ನ ತೋಟಕ್ಕೆ ಹೋದೆ. ಮಾವ ಕಾಣಲಿಲ್ಲ. ಸಿಟ್ಟನ್ನೆಲ್ಲ ಸೇರಿಸಿ ಅತ್ತೆಯ ಹಾಗೇ ಕೂಗಿದೆ:

"ಏನ್ರೀ, ಅಲ್ಲೇ ಬೇರು ಬುಟ್ಟಿದ್ದೀರಾ? ಮುದ್ದೆ ತಣ್ಣಗಾಯ್ತದೆ, ಬಂದು ಉಣ್ಬಾರ್ದಾ?"

ಮರದ ಹಿಂದೆ ತರಗೆಲೆ ಸರಕ್ಕೆಂದಿತು. ಕೊರೆದ ತೂತಿಗೆ ಅಂಗೈ ಒತ್ತಿಕೊಂಡು ಕೂತಿದ್ದ ಮಾವ, ಕಣ್ಣು ಮುಚ್ಚಿಕೊಂಡೇ ಎದ್ದು ಪಂಚೆ ಕೊಡವಿದರು.

"ಬಂದೆ ಕಣಮ್ಮಿ."

ಸೊಂಟದ ಮೇಲಿದ್ದ ಕೈ ಇಳಿಸಿದೆ.

"ಕೈ ತೊಳ್ಕೊಂಡು ಬನ್ನಿ," ಎಂದೆ, ಅತ್ತೆಯ ದನಿಯಲ್ಲೇ.