ಉರಿಗಬ್ಬಿಣ ತಂಡದ ಖಾಯಂ ಸದಸ್ಯರಾದ ಡ್ರಮ್ ಯಂತ್ರದವರ ಸನ್ನಿಧಾನಕ್ಕೆ

ಮಾನ್ಯರೇ,

ಟೈರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಟ್ರ್ಯಾಕ್ಟರ್ ಟೈರೊಂದರ ಮೇಲೆ ಮಡಿಸಿ ಹಾಸಿದ ಹೊಸ ಟವೆಲಿನಲ್ಲಿ ವಿರಾಜಮಾನರಾಗಿರುವ ತಮಗೆ, ತಮ್ಮಿಂದ ಎರಡು ಮಾರು ದೂರದಲ್ಲಿ ಅಲ್ಲಾಡುವ ಸ್ಟೂಲಿನ ಮೇಲೆ ಕೂರುವ ಬೇಸ್ ಗಿಟಾರಿನವಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ನಮ್ಮಣ್ಣ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನೇ ಮೊದಲು ತಮ್ಮನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಆಮೇಲೆ ತನ್ನ ಮುಖ ತೊಳೆಯುವುದನ್ನು ಕಣ್ಣಾರೆ ಕಂಡಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನಾನೂ ಕ್ಷೇಮ, ಒಂದು ವಿಷಯದ ಹೊರತು. ನನಗೆ ಈ ತಂಡದ ಸದಸ್ಯಳಾಗಬೇಕಾಗಿದೆ, ಅದಕ್ಕೆ ತಮ್ಮ ಒಂದು ಮತ ಬಾಕಿ ಇದೆ ಎಂದು ಅಣ್ಣ ಹೇಳುತ್ತಾನೆ.

ತಾವು ಹೊಸಬರು. ತಮ್ಮ ಆಸನದಲ್ಲಿ ಹಿಂದೆ ಯಾರ್‍ಯಾರು ಕೂತು ಎದ್ದುಹೋದರೆಂಬುದನ್ನು ತಮಗೆ ಯಾರೂ ಹೇಳಿರಲಾರರು, ಹೇಳಿದರೂ ತಾವು ಕಿವಿಗೆ ಹಾಕಿಕೊಂಡಿರಲಾರಿರಿ. ಉರಿಗಬ್ಬಿಣವೆಂಬುದು ಹೆವಿ ಮೆಟಲ್ ತಂಡ, ಅಂದರೆ ಪಕ್ಕದ ಬೀದಿಯ ಕಿಟಕಿ ಗಾಜುಗಳೂ ನಮ್ಮ ಹಾಡುಗಳಿಗೆ ತಾಳ ಹಾಕುತ್ತವೆ. ನಮ್ಮಣ್ಣ ಮೀಸೆ ಚಿಗುರುವ ವಯಸ್ಸಿನಲ್ಲಿ ಮೂವರು ಗೆಳೆಯರನ್ನು ಕಟ್ಟಿಕೊಂಡು ಇದನ್ನು ಶುರುಮಾಡಿದ. ಗೆಳೆಯರು ಒಬ್ಬೊಬ್ಬರಾಗಿ ಜಾರಿಕೊಂಡರು, ಅಣ್ಣ ಉಳಿದ. ಅವನನ್ನು ಕೇಳಿದರೆ ತಂಡವೂ ಉಳಿದಿದೆ ಎನ್ನುತ್ತಾನೆ.

ತಮ್ಮ ಪೀಠದ ಮೂಲಪುರುಷರು ಬೇಕರಿಯವರು. ಡ್ರಮ್ಮಿನ ಮುಂದೆ ಕೂತರೆ ಹಿಟ್ಟು ನಾದುವವರ ರಟ್ಟೆಬಲವೆಲ್ಲ ಹೊರಗೆ ಬರುತ್ತಿತ್ತು. ಆದರೆ ಮರುದಿನದ ಬ್ರೆಡ್ಡಿಗೆ ಹಿಟ್ಟು ಕಲಸಲು ಸಂಜೆಯೇ ಹೋಗಬೇಕಿದ್ದರಿಂದ, ನಮ್ಮ ಕೊನೆಯ ಹಾಡಾದ ‘ಕುಲುಮೆ’ಯ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ಗೋಡೆ ಗಡಿಯಾರದ ಮೇಲೆ ನೆಟ್ಟು, ಕೈ ಎದ್ದೆನೋ ಬಿದ್ದೆನೋ ಎಂದು ಓಡತೊಡಗುತ್ತಿತ್ತು, ಉಳಿದವರೂ ಹಿಂದೆ ಬೀಳಬಾರದೆಂದು ಓಡುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಣವಾದದ್ದೂ ಆ ಓಟವೇ. ಅವರ ನಂತರ ಬಂದ ವಿಮಾ ಏಜೆಂಟರು ಆ ಕ್ಯಾಸೆಟ್ಟನ್ನು ಕೇಳಿ ಕಲಿತದ್ದರಿಂದ, ಅವರಿಗೆ ಹೋಗಿ ನಾದಲು ಯಾವ ಹಿಟ್ಟೂ ಇರದಿದ್ದರೂ ಓಟವನ್ನು ಚಾಚೂತಪ್ಪದೆ ಕಲಿತರು. ಹಾಡು ಹಾಡಿನ ನಡುವೆ ಮೈಕಿಗೆ ಬಾಯಿಟ್ಟು ಬದುಕಿನ ಅನಿಶ್ಚಿತತೆಯ ಬಗ್ಗೆ ಎರಡು ಮಾತಾಡುವ ಚಟವೊಂದು ಅವರಿಗಿತ್ತು. ಅವರನ್ನು ಕಂಡರೆ ನಮ್ಮ ಅಭಿಮಾನಿಗಳು ರಸ್ತೆ ದಾಟಿ ಆಚೆ ಹೋಗಲು ಶುರುಮಾಡಿದ ಮೇಲೆ ಅಣ್ಣ ಅವರನ್ನು ಕಳಿಸಿಕೊಟ್ಟ.

ಆಮೇಲೆ ‘ನಾಳೆ’ ಬಂದರು. ಹೆಸರು ಬೇರೇನೋ ಇತ್ತು, ಯಾವಾಗ ಕರೆದರೂ “ನಾಳೆ ಬಂದ್ಬಿಡ್ತೀನಿ” ಎನ್ನುತ್ತಿದ್ದುದರಿಂದ ಈ ಹೆಸರೇ ನಿಂತಿತು. ಆಮೇಲೆ ಹಲ್ಲಿನ ಡಾಕ್ಟರರ ಸಹಾಯಕರೊಬ್ಬರು ಬಂದು, ಬಹಳ ಚೆನ್ನಾಗಿ ಬಾರಿಸಿ, ಆಗಿನ ನಮ್ಮ ಗಾಯಕಿಯನ್ನು ಪ್ರೀತಿಸಿ, ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಟುಹೋದರು. ಹೋಗುವಾಗ ನಮ್ಮ ಮೈಕ್ ಸ್ಟ್ಯಾಂಡೂ ಹೋಯಿತು, ಅದು ಯಾರನ್ನು ಪ್ರೀತಿಸಿತ್ತೋ ತಿಳಿಯದು. ಗಾಯಕರ ಕಥೆಯನ್ನು ತೆಗೆದರೆ ಈ ಪತ್ರ ಮುಗಿಯುವುದಿಲ್ಲ. ಈಗಿರುವವರು ವೃತ್ತಿಯಿಂದ ಹರಾಜು ಕೂಗುವವರು, ಬಂಗಾರದಂಥ ಮನುಷ್ಯ, ಕಂಚಿನಂಥ ಕಂಠ. ಹಾಡು ಮುಗಿದಾಗ ಅಭ್ಯಾಸಬಲದಿಂದ “ಒಂದು ಸಾರಿ, ಎರಡು ಸಾರಿ” ಎಂದುಬಿಡುತ್ತಾರೆ ಅಷ್ಟೇ. ಮೊದಲ ಗಿಟಾರು ಅಣ್ಣನದು, ಎರಡನೇ ಗಿಟಾರಿನವರು ಕನ್ನಡಕದ ಅಂಗಡಿಯವರು, ಬಹಳ ಸಾಧು.

ಇನ್ನು ನನ್ನ ವಿಷಯ. ನಾನು ಹೊಲಿಗೆಯವಳು. ತಂಡದ ಕಪ್ಪು ಜಾಕೆಟ್ಟುಗಳನ್ನು ಹೊಲಿದದ್ದು ನಾನು, ಬೆನ್ನಿನ ಮೇಲೆ ಕೆಂಪು ದಾರದಲ್ಲಿ ಆಯಾ ಸದಸ್ಯರ ಹೆಸರನ್ನು ಹಾಕಿದ್ದೂ ನಾನೇ. ನಮ್ಮಲ್ಲಿ ಜಾಕೆಟ್ಟು ಮನುಷ್ಯನದಲ್ಲ, ಜಾಗದ್ದು. ಒಬ್ಬರು ಬಿಟ್ಟುಹೋದರೆ ಜಾಕೆಟ್ಟನ್ನು ಅಂಗಡಿಯಲ್ಲೇ ಕಳಚಿಟ್ಟು ಹೋಗಬೇಕು, ನಾನು ಹಳೆಯ ಹೆಸರನ್ನು ಬಿಚ್ಚಿ ಹೊಸದನ್ನು ಹೊಲಿಯಬೇಕು. ಡ್ರಮ್ಮಿನವರ ಜಾಕೆಟ್ಟಿನ ಬೆನ್ನಲ್ಲಿ ಸೂಜಿ ತೂತುಗಳು ಎಷ್ಟಾಗಿವೆಯೆಂದರೆ ದೀಪಕ್ಕೆ ಹಿಡಿದರೆ ಜರಡಿಯ ಹಾಗೆ ಕಾಣುತ್ತದೆ. ಗೋದಾಮಿನ ಮೂಲೆಯಲ್ಲಿ ಹೀಗೆ ಹೆಸರು ಬಿಚ್ಚುತ್ತ, ಹೊಲಿಯುತ್ತ ಕೂತಿದ್ದವಳಿಗೆ ಎಲ್ಲ ಹಾಡುಗಳೂ ತಂತಾವೇ ಬಾಯಿಪಾಠವಾಗಿದ್ದವು. ಬೇಸ್ ನುಡಿಸುತ್ತಿದ್ದವರು ಮದುವೆಯಾದ ಮೇಲೆ ಮಾವನವರ ಮಾತಿಗೆ ಹೂಂಗುಟ್ಟಿ ಕೈಕೊಟ್ಟಾಗ, ಅಣ್ಣ ಆ ನಾಲ್ಕು ದಪ್ಪ ತಂತಿಯ ಗಿಟಾರನ್ನು ತಂದು ನನ್ನ ಮಡಿಲಿಗಿಟ್ಟು, “ಬೇರೆಯವ್ರು ಸಿಗೋ ತನಕ ಒಂದೆರಡು ವಾರ ಹಿಡ್ಕೊಂಡಿರಮ್ಮಾ, ನಿನಗೇನೂ ಕಷ್ಟ ಆಗಲ್ಲ” ಎಂದ. ಆಗ ನನ್ನ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ನಾನು ಇನ್ನೂ ಹಿಡಿದುಕೊಂಡಿದ್ದೇನೆ.

ಈ ಅವಧಿಯಲ್ಲಿ ಅಣ್ಣ ಬೇರೆಯವರನ್ನು ಹುಡುಕಲಿಲ್ಲವೆಂದು ನಾನು ದೂರಲಾರೆ, ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಲೇ ಇದ್ದ. ಟೈರಿಗೆ ಗಾಳಿ ಹಾಕಿಸಲು ಬಂದವರನ್ನೂ “ಬೇಸ್ ನುಡಿಸೋಕೆ ಬರುತ್ತಾ?” ಎಂದು ವಿಚಾರಿಸಿದ್ದುಂಟು, ಅದೂ ನಾನು ಪಕ್ಕದಲ್ಲೇ ನಿಂತು ನುಡಿಸುತ್ತಿರುವಾಗ. ತಂಡದ ಫೋಟೋ ತೆಗೆಯುವಾಗಲೆಲ್ಲ ಕ್ಯಾಮೆರಾ ನನ್ನ ಕೈಗೆ ಬರುತ್ತಿತ್ತು. ನನ್ನ ಜಾಕೆಟ್ಟಿನ ಬೆನ್ನು ಖಾಲಿ. “ಬೇರೆಯವ್ರು ಬಂದ್ರೆ ಮತ್ತೆ ಬಿಚ್ಚೋ ಕೆಲಸ ನಿನಗೇ ಅಲ್ವಾ” ಎಂದು ನನ್ನ ಶ್ರಮದ ಬಗ್ಗೆ ಅವನಿಗೆ ಅಷ್ಟು ಕಾಳಜಿ.

ಇಂಥ ಸಂದರ್ಭದಲ್ಲಿ, ಬಟನ್ನು ಒತ್ತಿದರೆ ತಾವಾಗಿಯೇ ಡ್ರಮ್ ಬಾರಿಸುವ ತಮ್ಮ ಆಗಮನ ರಟ್ಟಿನ ಪೆಟ್ಟಿಗೆಯೊಂದರಿಂದ ಆಯಿತು. ಮಾನ್ಯರೇ, ತಮ್ಮ ಗುಣಗಳನ್ನು ಹೊಗಳಲು ನನ್ನ ಬಡ ನಾಲಿಗೆ ಸಾಲದು. ತಾವು ತಡವಾಗಿ ಬರುವುದಿಲ್ಲ, ಏಕೆಂದರೆ ಹೋಗುವುದೇ ಇಲ್ಲ. ತಮಗೆ ಮಾವನವರಿಲ್ಲ. ತಾವು ಗಾಯಕರನ್ನು ಪ್ರೀತಿಸುವುದಿಲ್ಲ, ಈಗಿನ ಗಾಯಕರ ಮಟ್ಟಿಗೆ ಅದು ಯಾರಿಗೂ ಕಷ್ಟವಲ್ಲವಾದರೂ. ಚಹಾ ಬೇಡ, ಬೆವರಿಲ್ಲ, ಮುಖ ಊದಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಇಷ್ಟೆಲ್ಲ ಸದ್ಗುಣಗಳ ಗಣಿಯಾದ ತಮ್ಮನ್ನು ಅಣ್ಣ ಬಂದ ವಾರವೇ ಖಾಯಂ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ? ಪೋಸ್ಟರಿನಲ್ಲಿ ತಮ್ಮ ಚಿತ್ರ ನಟ್ಟನಡುವೆ ಬಂತು. ‘ಸಿಡಿಲು’ ಎಂದು ನಾಮಕರಣವೂ ಆಯಿತು. ತಮ್ಮ ಮೇಲಿರುವ ಆ ಕಪ್ಪು ಹೊದಿಕೆಯನ್ನು ಅಳತೆ ತೆಗೆದು ಹೊಲಿದು, ಅದರ ಮೇಲೆ ತಮ್ಮ ಹೆಸರನ್ನು ಕೆಂಪು ದಾರದಲ್ಲಿ ಹಾಕಿದವಳು ನಾನೇ. ಹೊಲಿಯುವಾಗ ಹೊಟ್ಟೆ ಉರಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಹೊಲಿಗೆ ನೇರವಾಗಿಯೇ ಬಂದಿದೆ, ಬೇಕಾದರೆ ನೋಡಿಕೊಳ್ಳಬಹುದು.

ಈಗ ಕಳೆದ ತಿಂಗಳ ಕಾರ್ಯಕ್ರಮವನ್ನು ತಮಗೆ ನೆನಪಿಸಬೇಕಾಗಿದೆ. ಅಣ್ಣ ನಮ್ಮ ಹಾಡುಗಳನ್ನು ಬಹಳ ಶ್ರದ್ಧೆಯಿಂದ ತಮಗೆ ತುಂಬಿಸಿದ್ದ. ‘ಕುಲುಮೆ’ಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ತುಂಬಿಸಿದ್ದ, ಏಕೆಂದರೆ ತಾನು ಅದನ್ನು ಒಂದೇ ವೇಗದಲ್ಲಿ ನುಡಿಸುತ್ತೇನೆಂದು ಅವನು ಇಷ್ಟು ವರ್ಷ ಪ್ರಾಮಾಣಿಕವಾಗಿ ನಂಬಿದ್ದ. ಬೇಕರಿಯವರ ಅವಸರ ಮೂವರೂ ಗಂಡಸರ ರಕ್ತದಲ್ಲಿ ಸೇರಿಹೋಗಿದೆ ಎಂದು ನಾನು ಹಿಂದೊಮ್ಮೆ ಹೇಳಿದ್ದಕ್ಕೆ, “ನೀನು ಹೊಲಿಗೆ ಕಡೆ ಗಮನ ಕೊಡು” ಎಂದಿದ್ದ. ಅಭ್ಯಾಸದ ದಿನಗಳಲ್ಲಿ ತಮ್ಮ ಬಟನ್ನುಗಳನ್ನು ಮುಟ್ಟಿ ನೋಡುವ ಸಂಭ್ರಮದಲ್ಲಿ ಕೊನೆಯ ಹಾಡಿನ ತನಕ ಯಾರೂ ಬಂದಿರಲೇ ಇಲ್ಲ. ವೇದಿಕೆಯ ಮೇಲೆ ಕೊನೆಯ ಭಾಗ ಬಂದದ್ದೇ ತಡ, ಅಣ್ಣ ಓಡಿದ, ಕನ್ನಡಕದವರು ಓಡಿದರು, ಹರಾಜಿನವರು ಅವರಿಬ್ಬರನ್ನೂ ಹಿಂದೆ ಹಾಕಿ ಓಡಿದರು. ತಾವು ಮಾತ್ರ ಊಟವಾದ ಮೇಲೆ ಅಡ್ಡಾಡಲು ಹೊರಟ ಹಿರಿಯರಂತೆ ಒಂದೇ ಹೆಜ್ಜೆಯಲ್ಲಿ ನಡೆದಿರಿ. ಅವರು ಹಾಡು ಮುಗಿಸಿ, “ಒಂದು ಸಾರಿ, ಎರಡು ಸಾರಿ” ಕೂಡ ಆಗಿ, ಕೈಕಟ್ಟಿ ನಿಂತಾಗ ತಮ್ಮದಿನ್ನೂ ಅರ್ಧ ದಾರಿ ಬಾಕಿ ಇತ್ತು.

ಸಭಾಂಗಣದಲ್ಲಿ ಯಾರೋ ಕಿಸಕ್ಕೆಂದರು. ಅಣ್ಣನ ಮುಖ ಇಂಗು ತಿಂದ ಮಂಗನಂತಾಗಿತ್ತು. ನಾನು ಅವರ ಜೊತೆ ಓಡಿರಲಿಲ್ಲ, ತಮ್ಮ ಜೊತೆಗೇ ಉಳಿದಿದ್ದೆ. ಯಾರು ಓಡಿದರೂ ಯಾರು ನಿಂತರೂ ಹಾಡು ಕೆಳಗೆ ಬೀಳದಂತೆ ಹಿಡಿಯುವುದೇ ಬೇಸಿನ ಕೆಲಸ, ಅಷ್ಟು ವರ್ಷ ಮಾಡಿದ್ದೂ ಅದನ್ನೇ. ಕಣ್ಣು ಮುಚ್ಚಿಕೊಂಡು, ತಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ, ಗಾಯಕರ ಸಾಲುಗಳನ್ನೂ ಅಣ್ಣನ ಸಾಲುಗಳನ್ನೂ ಆ ದಪ್ಪ ತಂತಿಗಳಲ್ಲೇ ನುಡಿಸುತ್ತ ಕೊನೆಯ ಪೆಟ್ಟಿನವರೆಗೆ ಬಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಡಿಗೆ ಹೊಸ ಮುಕ್ತಾಯ ಕೊಟ್ಟಿದ್ದಾರೆಂದು ಅವರು ತಪ್ಪು ತಿಳಿದಿದ್ದರು. ಅಣ್ಣ ಮೈಕಿನ ಮುಂದೆ ಬಂದು, “ಇದು ನಮ್ಮ ಸಿಡಿಲಿನ ಹೊಸ ಪ್ರಯೋಗ” ಎಂದು ತಮ್ಮತ್ತ ಕೈ ತೋರಿಸಿದ. ತಮಗೆ ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ಆ ಕ್ಷಣ ನನಗೆ ನಿಜಕ್ಕೂ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ, ವೈರುಗಳನ್ನು ಸುತ್ತಬೇಕಿತ್ತು.

ಮರುದಿನ ಗೋದಾಮಿಗೆ ಹೋಗಿ, ಎಲ್ಲರೆದುರು, ನನ್ನನ್ನು ಸದಸ್ಯಳನ್ನಾಗಿ ಮಾಡಿಕೊಳ್ಳಿ ಎಂದು ಕೇಳಿದೆ. ಇಷ್ಟು ವರ್ಷ ಬಾಯಿಬಿಟ್ಟು ಕೇಳಿರಲಿಲ್ಲ, ತಾನಾಗಿಯೇ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅಣ್ಣ ಟೈರಿನ ವಾಲ್ವ್ ಕ್ಯಾಪೊಂದನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, “ನಂಗೇನೋ ಪರವಾಗಿಲ್ಲಮ್ಮಾ, ಆದ್ರೆ ರೂಲ್ಸು ಅಂತ ಒಂದಿದೆಯಲ್ಲ. ಹೊಸಬ್ರನ್ನ ತಗೋಬೇಕಾದ್ರೆ ಎಲ್ಲಾ ಸದಸ್ಯರೂ ಕೈ ಎತ್ತಬೇಕು” ಎಂದ. ಹೊಸಬಳು ನಾನು. ಹರಾಜಿನವರು ತಕ್ಷಣ ಕೈ ಎತ್ತಿದರು. ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೈ ಎತ್ತಿದರು. ಆಗ ಅಣ್ಣ ಆ ಕ್ಯಾಪನ್ನು ಕೈಬಿಡದೆ ತಮ್ಮ ಕಡೆ ತಿರುಗಿ ನೋಡಿ, “ಸಿಡಿಲು ಏನೂ ಹೇಳ್ತಿಲ್ಲವಲ್ಲ, ನಾನೇನು ಮಾಡ್ಲಿ” ಎಂದ. ಅವನು ತಮಾಷೆ ಮಾಡುತ್ತಿದ್ದಾನೆಂದುಕೊಂಡೆ, ಅವನು ಎದ್ದು ಗಿರಾಕಿಯೊಬ್ಬರ ಪಂಕ್ಚರು ನೋಡಲು ಹೋದ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆಗಳು. ದಯವಿಟ್ಟು ಒಂದು ಕೈಯನ್ನು ಬೆಳೆಸಿಕೊಂಡು ಎತ್ತಬೇಕು. ಅದು ಆಗದಿದ್ದಲ್ಲಿ ಒಮ್ಮೆ ಕೆಮ್ಮಿದರೂ ಸಾಕು, ಸಮ್ಮತಿಯೆಂದು ತಿಳಿಯುತ್ತೇನೆ. ಅದೂ ಆಗದಿದ್ದರೆ ನಮ್ಮ ತಂಡದ ಸಂಪ್ರದಾಯದಂತೆ ಅಣ್ಣನೊಡನೆ ಜಗಳವಾಡಿ, “ಫೋಟೋದಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದಿರಿ” ಎಂದು ತಾವು ಹಟ ಹಿಡಿದು, ಯಾರದಾದರೂ ಸ್ಕೂಟರಿನ ಹಿಂದೆ ಕೂತು ಹೊರಟುಹೋಗಬೇಕು. ತಮ್ಮ ಹೊದಿಕೆಯ ಹೆಸರನ್ನು ನಾನು ಸಂತೋಷದಿಂದ ಬಿಚ್ಚಿಕೊಡುತ್ತೇನೆ. ಶನಿವಾರ ಮತ್ತೆ ಕಾರ್ಯಕ್ರಮವಿದೆ, ಜನ ಆ ಹೊಸ ಮುಕ್ತಾಯವನ್ನೇ ಕೇಳಲು ಬರುತ್ತಿದ್ದಾರಂತೆ. ಅಷ್ಟರೊಳಗೆ ತಮ್ಮ ಮತ ಬಾರದಿದ್ದಲ್ಲಿ ನಾನು ವೇದಿಕೆಯ ಮೇಲೆ ಇರುವುದಿಲ್ಲ, ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಟಿಕೆಟ್ಟು ತೆಗೆಸಿ ಕೂತಿರುತ್ತೇನೆ. ಬೇಸ್ ಗಿಟಾರು ನಮ್ಮ ಮನೆಯಲ್ಲಿ ಬೀರುವಿನ ಪಕ್ಕ ಇದೆ, ಕ್ಷೇಮವಾಗಿದೆ.

ಶನಿವಾರ ಸಂಜೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಉರಿಗಬ್ಬಿಣದ ಜೊತೆ ನಿಂತಿರುವವಳು

ಮರೆತ ಮಾತು: ತಮಗೆ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಈ ಪತ್ರವನ್ನು ಅಂಗಡಿಯ ಷಟರಿನ ಮೇಲೆ, ಬೀಗದ ಪಕ್ಕದಲ್ಲೇ ಅಂಟಿಸಿದ್ದೇನೆ, ಬೆಳಿಗ್ಗೆ ಬಾಗಿಲು ತೆಗೆಯುವವರು ಓದದೆ ಒಳಗೆ ಬರಲಾರರು. ಅಣ್ಣಾ, ಅವತ್ತು ಎದ್ದಿದ್ದು ಎರಡೇ ಕೈ. ಯಂತ್ರಕ್ಕೆ ಕೈಯಿಲ್ಲ. ನಿನಗೆ ಎರಡಿವೆ, ಎರಡೂ ಆ ಹೊತ್ತಿನಲ್ಲಿ ಎಲ್ಲಿದ್ದವು ಅಂತ ನಾನು ನೋಡಿದ್ದೀನಿ.