ಮೊದಲು ಯಾರ ಮನಿಗೆ ಹಾಕೀರಿ?

ಮಾಳಿಗೆಯ ಮೇಲೆ ಸೋಲಾರ್ ಕೂರಿಸುವ ಕಂಪನಿಯಲ್ಲಿ ಮಾರಾಟದ ಕೆಲಸಕ್ಕೆ ಸೇರಿದಾಗಿನಿಂದ ನನಗೆ ಇಂಥವು ಆಗುತ್ತಲೇ ಇವೆ. ಮೊದಮೊದಲು ಇದು ನನ್ನ ಗ್ರಹಗತಿ ಎಂದುಕೊಂಡಿದ್ದೆ. ಈಗ ಇದು ಈ ಸೀಮೆಯ ಹವಾಮಾನ ಎಂದು ಒಪ್ಪಿಕೊಂಡಿದ್ದೇನೆ.

ಮಾಲೀಕರು ನನಗೆ ವಿಜಯಪುರದ ಒಂದೆರಡು ಬಡಾವಣೆಗಳ ಜೊತೆಗೆ ತಿಕೋಟಾ, ಬಬಲೇಶ್ವರ ಭಾಗವನ್ನು ಒಪ್ಪಿಸಿದರು. "ಯುಗಾದಿಯೊಳಗ ಒಂದ ಒಂದು ಮನಿ ಮಾಡ್ರಿ. ಆಗಲಿಲ್ಲಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ" ಎಂದರು. ಒಂದು ಮನೆ ಏನು ಮಹಾ ಅನ್ನಿಸಿತು. ಆದರೆ ಹೋದಲ್ಲೆಲ್ಲ ಜನ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಕಂಪನಿಯವರು ಈ ಕಡಿ ಮೊದಲ ಯಾರ ಮನಿಗೆ ಹಾಕೀರಿ? ತೋರಸ್ರಿ." ಇನ್ನೂ ಯಾರಿಗೂ ಹಾಕಿಲ್ಲ ಎಂದರೆ, "ಹೌದಾ? ಯಾರರ ಹಾಕಸ್ಲಿ, ಆಮ್ಯಾಲ ನಾವು ನೋಡೋಣು" ಎನ್ನುತ್ತಿದ್ದರು. ಇಡೀ ಸೀಮೆ ಎರಡನೆಯವರಾಗಲು ತಯಾರಾಗಿ ಕೂತಿತ್ತು.

ತಲೆಗೆ ಏರಿದ್ದು

ಶಿವರಾತ್ರಿ ಮುಗಿದು ಬಿಸಿಲು ಬಲಿತಿತ್ತು. ವಿಜಯಪುರದ ಬಡಾವಣೆಯೊಂದರಲ್ಲಿ ಮಟಮಟ ಮಧ್ಯಾಹ್ನ ಒಂದು ಬಾಗಿಲು ತಟ್ಟಿದೆ. ನಿವೃತ್ತ ಮಾಸ್ತರರು ತೆರೆದರು.

"ಏನ ಮಾರಾಕ ಬಂದೀಪಾ?"

"ಮಾರೂದಲ್ರಿ ಸರ್. ಬಿಸಿಲಿನ ಮಹತ್ವ ತಿಳಿಸಿ ಹೇಳೂದೈತ್ರಿ."

ಮಾಸ್ತರರು ನನ್ನನ್ನೊಮ್ಮೆ, ನನ್ನ ಹಿಂದೆ ಉರಿಯುತ್ತಿದ್ದ ರಸ್ತೆಯನ್ನೊಮ್ಮೆ ನೋಡಿದರು. "ವಿಜಾಪುರದಾಗ?" ಎಂದು ಕೇಳಿ, ಒಳಗೆ ತಿರುಗಿ, "ಏ, ಲಗೂನ ಬಾ ಇಲ್ಲಿ. ನಮಗ ಬಿಸಲಿನ ಮಹತ್ವ ಹೇಳಾಕ ಬಂದಾನ" ಎಂದು ಹೆಂಡತಿಯನ್ನು ಕರೆದರು.

ಅವರ ಹೆಂಡತಿ ಬಂದು ನನ್ನ ಮುಖವನ್ನು ಬಹಳ ಕಳಕಳಿಯಿಂದ ನೋಡಿದರು. ಒಂದು ತಂಬಿಗೆ ನೀರು, ಒಂದು ಒದ್ದೆ ಬಟ್ಟೆ ತಂದುಕೊಟ್ಟರು.

"ಹೆದರಬ್ಯಾಡ ತಮ್ಮಾ. ತಲಿ ಮ್ಯಾಲ ಇದನ್ನ ಹಾಕ್ಕೊಂಡು ಕುಂದರು. ಒಂದು ತಾಸಿನ್ಯಾಗ ಇಳೀತೈತಿ."

ಸೂರ್ಯನಿಗೆ ವಲ್ಲಿ

ಬಬಲೇಶ್ವರದಲ್ಲಿ ಮಾತು ಬೇಡ, ಕಣ್ಣಿಗೇ ತೋರಿಸೋಣ ಎಂದು ಚಹಾದಂಗಡಿಯ ಮುಂದೆ ಒಂದು ಪುಟ್ಟ ಸೋಲಾರ್ ಫಲಕ ಇಟ್ಟು, ಅದಕ್ಕೊಂದು ಬಲ್ಬು ಜೋಡಿಸಿದೆ. ಬಲ್ಬು ಹತ್ತಿತು. ಹೆಗಲ ಮೇಲೆ ಟವೆಲಿನಂಥ ವಲ್ಲಿ ಹಾಕಿಕೊಂಡ ಹಿರಿಯರೊಬ್ಬರು ಹತ್ತಿರ ಬಂದು, ಬಲ್ಬನ್ನೂ ಫಲಕವನ್ನೂ ಬಗ್ಗಿ ನೋಡಿ, ಹೆಗಲಿನ ವಲ್ಲಿ ತೆಗೆದು ಫಲಕಕ್ಕೆ ಹೊಚ್ಚಿದರು. ಬಲ್ಬು ಆರಿತು. ವಲ್ಲಿ ತೆಗೆದರು. ಹತ್ತಿತು.

"ಯಪ್ಪಾ!" ಎಂದು ಅಂಗಡಿಯ ಜನವೆಲ್ಲ ಎದ್ದು ಬಂತು. ಹಿರಿಯರು ಮತ್ತೆ ಹೊಚ್ಚಿದರು, ಮತ್ತೆ ತೆಗೆದರು. ಬಸ್ಸಿಗೆ ನಿಂತಿದ್ದವರು ಬಸ್ಸು ಬಿಟ್ಟರು. ಬಲ್ಬು ಹತ್ತಿದಾಗಲೆಲ್ಲ ಹಿರಿಯರ ಮುಖವೂ ಹತ್ತುತ್ತಿತ್ತು. ಅಷ್ಟು ಹಳೆಯ ಸೂರ್ಯನನ್ನು ಅಷ್ಟು ಹೊಸದಾಗಿ ನೋಡಿದ ಮನುಷ್ಯನನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣುಗಳೂ ತೇವವಾದವು. ಮೊದಲ ಮನೆ ಸಿಕ್ಕಿತು ಎಂಬ ಆಸೆಯೂ ಅದರಲ್ಲಿತ್ತು.

"ಹಂಗಾದ್ರ ನಿಮ್ಮ ಮನಿಗೆ ಯಾವಾಗ ಹಾಕೋಣ್ರಿ ಯಜಮಾನ್ರ?" ಎಂದೆ.

"ಇದನ್ನಾ? ಬ್ಯಾಡ್ರಿ" ಎಂದರು ಅವರು, ವಲ್ಲಿ ಕೊಡವುತ್ತ. "ಕರೆಂಟಿನ ಸಲುವಾಗಿ ದಿನಾ ಮಾಳಗಿ ಹತ್ತಿ ವಲ್ಲಿ ಹಾಕೂದು, ತಗಿಯೂದು, ಯಾರು ಮಾಡ್ಯಾರು?"

ಗ್ರಹಣದ ಕರೆಂಟು

ನಗರದ ಬ್ಯಾಂಕ್ ಉದ್ಯೋಗಿಯೊಬ್ಬರು ನನ್ನನ್ನು ತಾವೇ ಕರೆಸಿಕೊಂಡರು. ಫಲಕದ ಆಯುಷ್ಯ, ಇನ್ವರ್ಟರಿನ ವಾರಂಟಿ, ಸಾಲದ ಬಡ್ಡಿ, ಎಲ್ಲವನ್ನೂ ಬಲ್ಲವರಂತೆ ಕೇಳಿದರು. ನಾನು ಮನಸ್ಸಿನಲ್ಲೇ ಕೆಲಸ ಉಳಿಸಿಕೊಂಡೆ. ಅಷ್ಟರಲ್ಲಿ ಅವರು ದನಿ ತಗ್ಗಿಸಿದರು.

"ಒಂದು ಸಂಶೇ ಐತ್ರಿ. ಸೂರ್ಯಗ್ರಹಣ ಹಿಡದಾಗ ತಯಾರಾದ ಕರೆಂಟು ಮೈಲಿಗಿ ಅಲ್ಲೇನ್ರಿ? ಆ ಕರೆಂಟಿನ್ಯಾಗ ಮಿಕ್ಸರ್ ತಿರಗಿಸಿ ಚಟ್ನಿ ಮಾಡಿದ್ರ, ದೇವರಿಗೆ ಹೆಂಗ ನೈವೇದ್ಯ ಹಿಡಿಯೂದು?"

ತರಬೇತಿಯಲ್ಲಿ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

"ನೀರಿನ ಕೊಡದಾಗ ಗರಿಕಿ ಹಾಕಿ ಇಡ್ತೇವಲ್ರಿ, ಹಂಗ ಇನ್ವರ್ಟರ್ ಮ್ಯಾಲ ಗರಿಕಿ ಇಟ್ರ ನಡೀತೈತೇನು? ನಿಮ್ಮ ಕಂಪನಿಯವರನ್ನ ಕೇಳ್ರಿ."

ಅವರೆದುರಿಗೇ ಮಾಲೀಕರಿಗೆ ಫೋನು ಹಚ್ಚಿದೆ. ಸಂಶಯವನ್ನು ಇದ್ದ ಹಾಗೇ ಒಪ್ಪಿಸಿ, ನನ್ನ ಕೆಲಸ ಈಗಲೇ ಹೋಯಿತು ಎಂದುಕೊಂಡೆ. ಮಾಲೀಕರು ಗಂಭೀರವಾಗಿ ಕೇಳಿದರು:

"ಗರಿಕಿ ಹಸೀದ ಇಡ್ತಾರೋ, ಒಣಗಿದ್ದೋ? ಹಸೀದ ಆದ್ರ ಶಾರ್ಟ್ ಆಗ್ತೈತಿ ಅಂತ ಹೇಳ್ರಿ."

ಯಮನ ಕಣ್ಣು

ಮಮದಾಪುರದ ಮನೆಯೊಂದರಲ್ಲಿ ಮಗ, ಸೊಸೆ ಎಲ್ಲಕ್ಕೂ ಒಪ್ಪಿದರು. ಫಲಕದ ಮುಖ ದಕ್ಷಿಣಕ್ಕಿರಬೇಕು ಎಂದಾಗ ಮಾತ್ರ ಮಗನ ಮುಖ ಇಳಿಯಿತು.

"ದಕ್ಷಿಣ ಅಂದ್ರ ಯಮನ ದಿಕ್ಕ್ರಿ. ಮನ್ಯಾಗ ವಯಸ್ಸಾದ ಅಪ್ಪ ಅದಾನ."

ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಇದು ಕೇಳಿಸಿತು. ಎಂಬತ್ತು ದಾಟಿದ್ದರೂ ದನಿ ಗಟ್ಟಿಯಿತ್ತು. "ಹಾಕಸ್ಲೇ! ಕನ್ನಡಿ ಇದ್ದಂಗ ಝಗಝಗ ಅಂತೈತಿ ಅಂತೀಯಲ್ಲ. ಯಮ ಬರೂ ಹೊತ್ತಿಗೆ ಅವನ ಕಣ್ಣಿಗೇ ಹೊಡೀಲಿ. ಕಣ್ಣ ಕಾಣದ ಹೊಳ್ಳಿ ಹೋಗ್ತಾನ. ಇನ್ನ ಮೂವತ್ತು ವರ್ಷ ನನಗ ಚಿಂತಿ ಇಲ್ಲ!"

ಅವರ ಧೈರ್ಯಕ್ಕೆ ಬೆರಗಾಗಿ ನಾನು ಅಳತೆಯ ಟೇಪು ಹೊರಗೆ ತೆಗೆದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಗಂಡನಿಗೆ ಏನೋ ಸನ್ನೆ ಮಾಡಿದಳು.

ಮಗ ನನ್ನ ಕೈಯ ಟೇಪನ್ನು ಮೆಲ್ಲಗೆ ಚೀಲಕ್ಕೆ ಹಾಕಿದ. "ಒಂದೀಟು ವಿಚಾರ ಮಾಡಿ ಹೇಳ್ತೇವ್ರಿ."

ತಿಕೋಟಾದ ಮಾಳಿಗೆ

ಯುಗಾದಿ ಹತ್ತಿರ ಬಂತು. ಉಳಿದದ್ದು ತಿಕೋಟಾದ ಒಂದು ಮನೆ. ಘೋಣಸಗಿಯಲ್ಲಿ ಅವರಿಗೆ ದ್ರಾಕ್ಷಿ ತೋಟವಿತ್ತು. ಯಜಮಾನರು ಚಹಾ ಆರುವ ಮೊದಲೇ ಹೂಂ ಎಂದರು. "ಜಾಗಾ ನೋಡ್ಕೊಳ್ರಿ" ಎಂದು ಮೇಲೆ ಕರೆದೊಯ್ದರು.

ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಡುವೆ ಅವರ ತಾಯಿ ಕೂತಿದ್ದರು.

"ಎಲ್ಲಿ ಹಾಕಾಂವ ನೀ?"

"ಇಲ್ಲೇರಿ ಅಮ್ಮಾ."

"ಅಲ್ಲಿ ಹಪ್ಪಳ ಅದಾವ."

"ಆ ಕಡೀಗೆ?"

"ಶಾವಿಗಿ."

"ಮೂಲ್ಯಾಗ್ರಿ?"

"ಮೆಣಸಿನಕಾಯಿ ಕಾಣಂಗಿಲ್ಲೇನು?"

ಯಜಮಾನರು ಮೆಲ್ಲಗೆ, "ಯವ್ವಾ, ಕರೆಂಟ್ ಬರ್ತೈತಬೇ" ಎಂದರು.

"ಕರೆಂಟ್ ತಗೊಂಡು ಏನ ಮಾಡ್ತೀಲೇ? ಊಟಕ್ಕ ಹಚ್ಚಿಕೊಂಡು ತಿಂತೀ?"

ಯಜಮಾನರು ಕೆಳಗಿಳಿದು ಹೋದರು. ಆ ಮನೆಯಲ್ಲಿ ಅವರ ಅಧಿಕಾರ ಮೆಟ್ಟಿಲಿನವರೆಗೆ ಮಾತ್ರ.

ನನಗೆ ಹೋಗಲು ಬೇರೆ ಮನೆ ಇರಲಿಲ್ಲ. "ಅಮ್ಮಾ, ಕಬ್ಬಿಣದ ಕಂಬ ಕೊಟ್ಟು ತಲೀಕಿಂತ ಎತ್ತರಕ್ಕ ಹಾಕ್ತೇವ್ರಿ. ಕೆಳಗ ನೀವು ಆರಾಮ ಓಡ್ಯಾಡಬಹುದು" ಎಂದೆ.

"ಕೆಳಗ ಬಿಸಲು ಬೀಳ್ತೈತೇನು?"

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಆದರೆ ನೆತ್ತಿಯ ಮೇಲೆ ಸಾಕ್ಷಿ ಇಷ್ಟು ಪ್ರಖರವಾಗಿರುವಾಗ ನಾಲಿಗೆ ಏಳಲಿಲ್ಲ. "ಇಲ್ರಿ. ಪೂರಾ ನೆಳ್ಳ" ಎಂದು ಹೊರಡಲು ಚೀಲ ಎತ್ತಿಕೊಂಡೆ.

"ಪೂರಾ?"

"ಪೂರಾ ರಿ."

"ಗಾಳಿ?"

"ನಾಕೂ ಕಡಿಯಿಂದ ಆಡ್ತೈತಿ."

ಮುದುಕಿ ಎದ್ದು ನಿಂತರು. ಮೆಟ್ಟಿಲಿನ ಬಾಯಿಗೆ ಹೋಗಿ ಕೂಗಿದರು: "ಲೇ, ಮ್ಯಾಲ ಬಾ! ದ್ರಾಕ್ಷಿ ಒಣಗಿಸಿ ಮಣೂಕ ಮಾಡಾಕ ಇದ ಬೇಕಾಗಿತ್ತು. ಬಿಸಲಿಗೆ ಹಾಕಿದ್ರ ಕರ್ರಗಾಗ್ತಾವ. ಮಂದಿ ಶೆಡ್ಡಿನ್ಯಾಗ ಒಂದೀಟು ಜಾಗಾ ಕೊಡ್ರಿ ಅಂತ ವರ್ಷಾ ಕೈ ಮುಗೀತೀವಲ್ಲ!" ಆಮೇಲೆ ನನ್ನ ಕಡೆ ತಿರುಗಿ, "ಅರ್ಧಾ ಮಾಳಗಿ ಹಪ್ಪಳಕ್ಕ ಬಿಡು. ಅರ್ಧಕ್ಕ ಹಾಕು. ಸಣ್ಣದ ಹಾಕಬ್ಯಾಡ ಮತ್ತ, ನೆಳ್ಳ ಸಾಲಂಗಿಲ್ಲ" ಎಂದರು.

ಯುಗಾದಿಗೆ ಮುಂಚೆ ಕೆಲಸ ಮುಗಿಯಿತು, ನನ್ನ ಕೆಲಸ ಉಳಿಯಿತು. ಮೊದಲ ಮನೆ ನೋಡಲು ಓಣಿಗೆ ಓಣಿಯೇ ಬಂತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಳಗೆ ಇನ್ವರ್ಟರಿನ ಪಕ್ಕ, ಯೂನಿಟ್ಟಿನ ಲೆಕ್ಕ ವಿವರಿಸಲು ನಿಂತಿದ್ದೆ. ಯಾರೂ ನಿಲ್ಲಲಿಲ್ಲ. ಎಲ್ಲರೂ ನೇರ ಮಾಳಿಗೆ ಹತ್ತಿದರು. ಕೊನೆಗೆ ನಾನೂ ಹತ್ತಿದೆ. ಫಲಕದ ಕೆಳಗೆ ಬಲೆಯ ಮೇಲೆ ದ್ರಾಕ್ಷಿ ಹರವಿತ್ತು. ಸುತ್ತಲೂ ಓಣಿಯ ಹೆಣ್ಣುಮಕ್ಕಳು ಕೂತು, ತಲೆ ಎತ್ತಿ, ದೇವಸ್ಥಾನದ ಚಾವಣಿ ನೋಡುವಂತೆ ನೋಡುತ್ತಿದ್ದರು.

"ಎಂಥಾ ತಂಪ ಐತೆವ್ವಾ! ನಮ್ಮ ಮನಿಗೂ ಹಾಕಸ್ತೇನಿ" ಎಂದಳು ಪಕ್ಕದ ಮನೆಯಾಕೆ. "ಇದರಿಂದ ಮತ್ತೇನೂ ತ್ರಾಸ ಇಲ್ಲಲ್ಲಾ?"

ಮುದುಕಿ ದ್ರಾಕ್ಷಿಯ ಮೇಲೆ ಕೈಯಾಡಿಸಿದರು. ಮುಚ್ಚಿಡುವ ಸ್ವಭಾವ ಅವರದಲ್ಲ.

"ಒಂದೀಟು ಕರೆಂಟ್ ಹುಟ್ಟತೈತಿ" ಎಂದರು. "ಅಂಜಬ್ಯಾಡ. ಅದು ಪೈಪಿನ್ಯಾಗ ಹಾದು ಕೆಳಗ ಹೋಗ್ತೈತಿ. ಮಣೂಕಕ್ಕ ಏನೂ ಆಗಂಗಿಲ್ಲ."