ಚರಕದ ನೀರು, ಚಿಗುರು ಮುಖ

"ಬರೋ ಸೋಮವಾರದೊಳ್ಗೆ ನನ್ ಮುಖ ನೋಡಿ 'ಯಾರಪ್ಪಾ ಈ ಹುಡ್ಗ' ಅಂತ ನೀನೇ ಕೇಳ್ಬೇಕು, ಅಂಗ್ ಮಾಡ್ತೀನಿ!" ಎಂದು ಪುಟ್ಟಲಿಂಗಯ್ಯ ಎದೆ ತಟ್ಟಿಕೊಂಡು ಘೋಷಿಸಿದ.

ರೇಷ್ಮೆಹುಳುಗಳಿಗೆ ಸೊಪ್ಪು ಹರಡುತ್ತಿದ್ದ ಹೆಂಡತಿ ಭದ್ರಮ್ಮ ತಲೆಯೆತ್ತಲಿಲ್ಲ. "ಸ್ನೋ, ಪೌಡರ್ ಅಂತ ದುಡ್ಡು ಸುರೀಬೇಡಿ ಮತ್ತೆ."

"ಬಿಡಿಗಾಸು ಖರ್ಚಿಲ್ಲ ಕಣೇ!"

ಇಷ್ಟಕ್ಕೆಲ್ಲ ಕಾರಣ ಒಬ್ಬ ಕಂಡಕ್ಟರು. ರೇಷ್ಮೆಗೂಡಿಗೆ ಒಳ್ಳೆ ಬೆಲೆ ಬಂದು ಕನಕಪುರದ ಸುತ್ತಿನ ಹಳ್ಳಿಗಳಲ್ಲೆಲ್ಲ ಟೇಪ್‌ರೆಕಾರ್ಡರ್ ಹಾಡುತ್ತಿದ್ದ ಕಾಲ ಅದು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ, ಹೊಸ ಟೆರಿಲಿನ್ ಅಂಗಿ ತೊಟ್ಟು ಗತ್ತಿನಲ್ಲಿ ಬಸ್ ಹತ್ತಿದವನಿಗೆ ಕಂಡಕ್ಟರ್, "ತಾತಾ, ಒಸಿ ಒಳಿಕ್ ಹೋಗು" ಅಂದುಬಿಟ್ಟಿದ್ದ. ತಾತ! ಹಾಗೆಂದವನ ಮೀಸೆಯೇ ಸುಣ್ಣ ಬಳಿದಂತಿತ್ತು!

ಮೊದಲ ದಿನ ಅರಿಶಿನ ಮೆತ್ತಿಕೊಂಡ. "ಮದ್ವೆಗಂಡು ರೆಡಿ, ಹೆಣ್ಣೆಲ್ಲಿ?" ಎಂದಳು ಭದ್ರಮ್ಮ. ಮರುದಿನ ಮೊಸರು, ಕಡ್ಲೆಹಿಟ್ಟು ಬಳಿದುಕೊಂಡು ಜಗಲಿಯಲ್ಲಿ ಮಲಗಿದ. ಕುರಿ ಕಾಯುವ ನಾಯಿ ಬಂದು ಎಡಗೆನ್ನೆಯನ್ನು ಪೂರ್ತಿ ನೆಕ್ಕಿ, ಬಲಗೆನ್ನೆಗೆ ಬಾಯಿ ಹಾಕುವಾಗ ಎಚ್ಚರವಾಯಿತು.

ಮೂರನೆಯ ದಿನ ಅವನಿಗೆ ಗುರು ಸಿಕ್ಕಿದ. ಹಬೀಬ್ ಅಂತ, ರಾಮನಗರದಲ್ಲಿ ಚರಕ ಇಟ್ಟುಕೊಂಡು ಗೂಡಿನಿಂದ ನೂಲು ತೆಗೆಸುವವನು. "ಗೂಡು ಬೇಯ್ಸಿದ ನೀರಲ್ಲಿ ಅಂಟೈತೆ ಯಜಮಾನ್ರೇ. ಮುಖಕ್ಕೆ ಹಚ್ಚಿ, ಚರ್ಮ ತಮಟೆ ಇದ್ದಂಗೆ ಬಿಗೀತದೆ!" ಎಂದು ಕಣ್ಣು ಮಿಟುಕಿಸಿದ.

ಚರಕದ ಮುಂದೆ ಕೂತಿದ್ದ ಮುನ್ನೀ, "ಅವ್ರು ತಮಾಸೆ ಮಾಡ್ತಾವ್ರೆ ಅಣ್ಣಾ. ನನ್ ಕೈ ನೋಡಿ" ಎಂದು ಬಿಸಿನೀರಿಗೆ ಬೆಂದು ಗುಳ್ಳೆಯೆದ್ದ ಬೆರಳು ತೋರಿಸಿದಳು. ಪುಟ್ಟಲಿಂಗಯ್ಯ ಬೆರಳು ನೋಡಲೇ ಇಲ್ಲ. ನುಣ್ಣಗಿದ್ದ ಮುಂಗೈ ಮಾತ್ರ ನೋಡಿ, ಒಂದು ಬಾಟಲಿ ನೀರು ತುಂಬಿಸಿಕೊಂಡು ಬಂದ.

ಮರುದಿನ ಭದ್ರಮ್ಮ ಸೊಪ್ಪು ಕೊಯ್ಯಲು ಹೋದದ್ದೇ ತಡ, ಹಿತ್ತಲಲ್ಲಿ ಒಲೆ ಹೂಡಿದ. ಜೇನಿನಷ್ಟು ಗಟ್ಟಿಯಾಗುವ ತನಕ ಕಾಯಿಸಿದ. ವಾಸನೆಗೆ ಬೇಲಿ ಮೇಲಿದ್ದ ಕಾಗೆ ಊರೇ ಬಿಟ್ಟಿತು! ಆರಿದ ಪಾಕಕ್ಕೆ ಎರಡು ಮೊಟ್ಟೆಯ ಬಿಳಿ ಬೆರೆಸಿ, ಮುಖಕ್ಕೆ ಮೂರು ಸಲ ಬಳಿದುಕೊಂಡು, ಹೊಂಗೆಮರದಡಿ ಮಂಚದ ಮೇಲೆ ಮಗ್ಗುಲಾಗಿ ನಿದ್ದೆಹೋದ.

ಎದ್ದವನು ಆಕಳಿಸಲು ಹೋದ. ಬಾಯಿ ತೆರೆಯಲೇ ಇಲ್ಲ!

ಕೆನ್ನೆ ಮುಟ್ಟಿದ. ಕಲ್ಲು. ಬಳಿದಿದ್ದೆಲ್ಲ ಚರ್ಮದೊಳಗೆ ಇಂಗಿಹೋಗಿದೆ ಎಂದುಕೊಂಡ. ಕನ್ನಡಿ ಹಿಡಿದರೆ ಒಂದು ಹುಬ್ಬು ಮೇಲೆ, ಬಾಯಿ ಒಂದು ಪಕ್ಕಕ್ಕೆ! ಮೇಲಿನ ಕೇರಿಯ ಬೋರಲಿಂಗಯ್ಯನಿಗೂ ಹಿಂಗೇ ಬಾಯಿ ಸೊಟ್ಟಗಾಗಿ, ಆಮೇಲೆ ಕೈಕಾಲು ಬಿದ್ದುಹೋಗಿತ್ತು. ನೋಡಲು ಹೋಗಿದ್ದ ಪುಟ್ಟಲಿಂಗಯ್ಯ ಹೊಸಿಲಿನಿಂದಲೇ ಓಡಿಬಂದಿದ್ದ. ಈಗ ಅದೇ ಲಕ್ವ ತನ್ನನ್ನು ಹುಡುಕಿಕೊಂಡು ಬಂದಿದೆ! ನಿಲ್ಲಲು ನೋಡಿದ. ಹೆದರಿಕೆಗೆ ಕಾಲು ಗಡಗಡ ನಡುಗಿತು. 'ಕಾಲೂ ಹೋಯ್ತು!' ಎಂದು ಮಂಚಕ್ಕೆ ಕುಸಿದ.

ಭದ್ರಮ್ಮ ಬಂದವಳು ಅವನ ಮುಖ ಕಂಡು ಸೊಪ್ಪಿನ ಹೊರೆ ಅಲ್ಲೇ ಕೆಡವಿದಳು. "ಅಯ್ಯೋ ಸಿವನೇ! ಏನಾಯ್ತು ನಿಮ್ಗೆ?"

"ಲಕ್ವ... ನಾನು ಹೋಯ್ತೀನಿ ಕಣೇ." ತುಟಿ ಕೂಡದೆ ಮಾತು ಹಲ್ಲಿನ ಸಂದಿಯಲ್ಲಿ ಬಂತು. ಸಾಯುವಾಗ ಸುಳ್ಳು ಹೊತ್ತುಕೊಂಡು ಹೋಗಬಾರದಲ್ಲ! ಕಣ್ಣಲ್ಲಿ ನೀರು ತುಂಬಿ ಅವಳ ಕೈ ಹಿಡಿದ. "ಲಗ್ನದಾಗೆ ಸುಳ್ಳು ಹೇಳ್ದೆ. ನಂಗೆ ಆಗ ಇಹ್ಹತ್ತೆರಡಲ್ಲ... ಇಹ್ಹತ್ತೇಳು!"

"ಈಗ ಲೆಕ್ಕ ಯಾರ್ ಕೇಳುದ್ರು?" ಎಂದು ಅಳುತ್ತಲೇ ಭದ್ರಮ್ಮ ಒಳಗೆ ಓಡಿ, ಶಾಖ ಕೊಡಲು ಹಂಡೆಯಿಂದ ಬಿಸಿನೀರು ತಂದಳು. ಬಟ್ಟೆ ಅದ್ದಿ ಕೆನ್ನೆಗೆ ಒತ್ತಿದಳು. ಮತ್ತೆ ಒತ್ತಿದಳು. ಹಾಲಿನ ಕೆನೆಯಂತೆ ಏನೋ ಎದ್ದು ಬಟ್ಟೆಗೆ ಅಂಟಿತು.

"ಅವ್ವಾ, ಸುಡ್ತೈತೆ!" ಪುಟ್ಟಲಿಂಗಯ್ಯ ಬಾಯಿತುಂಬ ಕೂಗಿದ. ತುಟಿ, ಹುಬ್ಬು, ಗಲ್ಲ ಎಲ್ಲ ತಂತಮ್ಮ ಜಾಗಕ್ಕೆ ಬಂದಿದ್ದವು!

ಭದ್ರಮ್ಮ ಬಟ್ಟೆ ಮೂಸಿದಳು. ಹಿತ್ತಲ ಒಲೆ ನೋಡಿದಳು. ಮೊಟ್ಟೆಚಿಪ್ಪು ನೋಡಿದಳು. ಅದೇ ಒದ್ದೆ ಬಟ್ಟೆಯಲ್ಲಿ ಗಂಡನ ಬೆನ್ನಿಗೆ ನಾಲ್ಕು ಬಾರಿಸಿದಳು. "ನನ್ ಜೀವಾನೇ ಹಾರ್ಸ್‌ಬುಟ್ರಲ್ಲ! ತಾಳಿ ಹಿಡ್ಕೊಂಡು ಮಾದಪ್ಪಂಗೆ ಹರಕೆ ಹೊತ್ನಲ್ಲ!"

ಅತ್ತು, ನಕ್ಕು, ಮೂಗು ಒರೆಸಿಕೊಂಡು ಅವನ ಪಕ್ಕ ಕೂತಳು. ಮೆಲ್ಲಗೆ, "ಐದೊರ್ಸಕ್ಕೆ ಇಷ್ಟೊಂದು ಅತ್ರಾ?" ಎಂದಳು. "ನಮ್ಮವ್ವ ಸತ್ಮೇಲೆ ಮೂರು ಜನ ತಮ್ಮಂದಿರ ಸಾಕೋದ್ರಲ್ಲಿ ನನ್ ವಯಸ್ಸು ಮೀರೋಗಿತ್ತು. ನಮ್ಮಪ್ಪ ನಿಮ್ಮೋರ್ಗೆ ಹತ್ತೊಂಬತ್ತು ಅಂತ ಹೇಳ್ಬುಟ್ಟ. ಆಗ ನಂಗೆ ಇಪ್ಪತ್ತೊಂಬತ್ತು."

ಪುಟ್ಟಲಿಂಗಯ್ಯ ಬೆರಳು ಮಡಿಚಿ ಎಣಿಸಿದ. ಇನ್ನೊಂದು ಸಲ ಎಣಿಸಿದ. "ನಂಗೆ ಗೊತ್ತೇ ಆಗ್ನಿಲ್ವಲ್ಲ!"

"ಹೆಣ್ ನೋಡೋಕೆ ಬಂದಾಗ ನೀವು ನಾಚ್ಕಂಡು ನೆಲ ನೋಡ್ತಿದ್ರಿ. ಏಳಿ, ಮುದ್ದೆ ಆರೋಯ್ತದೆ."

ಪುಟ್ಟಲಿಂಗಯ್ಯ ತಟ್ಟನೆ ಎದ್ದು ನಿಂತ. ಪಂಚೆ ಸರಿಮಾಡಿಕೊಂಡು, ತಲೆ ತಗ್ಗಿಸಿ, ಬಾಯಿತಪ್ಪಿ ಅಂದ:

"ಬಂದೆ ಕಣಕ್ಕಾ!"